ಕಲ್ಲುಗೊಡಲಿಯ ಸಾಕ್ಷ್ಯ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕು ಮಳೆ ಕಡಮೆಯಾದ, ಬಂಡೆಗಳು ಹೆಚ್ಚಾದ ಸೀಮೆ. ದೇವಸಮುದ್ರದ ಸುತ್ತಣ ಈ ನಾಡಿನಲ್ಲಿಯೇ ಬ್ರಹ್ಮಗಿರಿ ಇದೆ. ಬಿ. ಎಲ್. ರೈಸ್ ಅವರು ಇಲ್ಲಿ ಅಶೋಕನ ಶಾಸನವನ್ನು ಗುರುತಿಸಿದರು. ಇಲ್ಲಿದ್ದ ಪಟ್ಟಣದ ಹೆಸರು ‘ಇಸಿಲ’ ಎಂಬುದು ಅದರಿಂದ ತಿಳಿಯಿತು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದಾಗ, ಅಶೋಕನಿಗಿಂತ ಹಿಂದಿನ ಜನರು ಬಳಸಿದ ನುಣುಪಾದ ಕಲ್ಲಿನ ಕೊಡಲಿಗಳು ದೊರೆತವು. ಅರಸನು ತನ್ನ ಮಾತನ್ನು ಬಂಡೆಯ ಮೇಲೆ ಬರೆಯಿಸಿದನು. ಕೊಡಲಿ ಹಿಡಿದವರಿಗೆ ಬರೆವಣಿಗೆಯೇ ಇರಲಿಲ್ಲ. ಅವರ ಬಾಳನ್ನು ನಾವು ಅರಿಯುವುದು ಹೇಗೆ?

ಇದಕ್ಕೆ ವಿದ್ವಾಂಸರು ಕಂಡುಕೊಂಡ ದಾರಿಗಳಲ್ಲಿ ಪ್ರಾಯೋಗಿಕ ಪುರಾತತ್ತ್ವವೂ ಒಂದು. ಹಿಂದಿನವರು ಬಳಸಿದಂಥ ಕಲ್ಲು, ಮಣ್ಣು, ಮರಗಳಿಂದಲೇ ಅವರ ಉಪಕರಣಗಳನ್ನು ಮತ್ತೆ ಮಾಡುವುದು, ಬಳಸಿ ನೋಡುವುದು, ಉಳಿಯುವ ಗುರುತುಗಳನ್ನು ಹಳೆಯ ವಸ್ತುಗಳೊಡನೆ ಹೋಲಿಸುವುದು ಇದರ ಕ್ರಮ.

1950ರ ದಶಕದಲ್ಲಿ ಡೆನ್ಮಾರ್ಕಿನ ವಿದ್ವಾಂಸರು ಹಳೆಯ ಕಲ್ಲುಗೊಡಲಿಗಳಿಗೆ ಹೊಸ ಕಾವು ಹಾಕಿ ಕಾಡಿನ ಮರಗಳನ್ನು ಕಡಿಸಿದರು. ಕಬ್ಬಿಣದ ಕೊಡಲಿಯಂತೆ ಬಲವಾಗಿ ಬೀಸಿದಾಗ ಕಲ್ಲು ಒಡೆಯತೊಡಗಿತು. ಮೊಳಕೈ, ಮಣಿಕಟ್ಟುಗಳಿಂದ ಚಿಕ್ಕ ಚಿಕ್ಕ ಪೆಟ್ಟುಗಳನ್ನು ಬೇಗಬೇಗನೆ ಕೊಟ್ಟಾಗ ಮರ ಉರುಳಿತು. ಕಲ್ಲುಗೊಡಲಿಗೆ ಬೇಕಾದುದು ತೋಳಿನ ಬಲಕ್ಕಿಂತ ಕೈಯ ಹದವೆಂಬುದು ಹೀಗೆ ತಿಳಿಯಿತು.

ನಮ್ಮ ನಾಡಿನಲ್ಲಿಯೂ ಇಂಥ ಕಾರ್ಯ ನಡೆದಿದೆ. ಸುರಪುರ ಸೀಮೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನಿಂದ ಆಯುಧಗಳನ್ನು ಮಾಡುತ್ತಿದ್ದ ತಾಣವಿದೆ. ಸೆರಿ ಶಿಪ್ಟನ್, ಮೈಕೇಲ್ ಪೆಟ್ರಾಗ್ಲಿಯ, ಕೆ. ಪದ್ದಯ್ಯ ಅವರು ಕಲ್ಲೊಡೆಯುವ ಪ್ರಯೋಗಗಳನ್ನು ನಡೆಸಿ, ಉದುರಿದ ಚಕ್ಕೆಗಳನ್ನು ಅಲ್ಲಿನ ಪ್ರಾಚೀನ ಚಕ್ಕೆಗಳೊಡನೆ ಹೋಲಿಸಿದರು. 2009ರಲ್ಲಿ ಅವರ ಲೇಖನ ಪ್ರಕಟವಾಯಿತು. ಕಸವೆಂದು ತೋರುವ ಚಕ್ಕೆಯೂ ಅದನ್ನು ಒಡೆದವನ ಕ್ರಮವನ್ನು ಹೇಳಬಲ್ಲುದು.

ಆದರೆ ಪ್ರಯೋಗಕ್ಕೂ ಒಂದು ಎಲ್ಲೆಯುಂಟು. ಬ್ರಹ್ಮಗಿರಿಯ ಉತ್ಖನನ ನಡೆದ 1947ರಲ್ಲಿಯೇ ಥಾರ್ ಹೈಯರ್ಡಾಲ್ ಎಂಬ ನಾರ್ವೆಯ ಸಾಹಸಿಯು ಮರದ ತೆಪ್ಪದಲ್ಲಿ ಪೆರು ದೇಶದಿಂದ ಹೊರಟು, 101 ದಿನಗಳಲ್ಲಿ ಪಾಲಿನೇಷ್ಯದ ದ್ವೀಪಗಳನ್ನು ಮುಟ್ಟಿದನು. ಅಂಥ ಪಯಣ ಸಾಧ್ಯವೆಂಬುದು ಸಿದ್ಧವಾಯಿತು. ಆದರೂ ಆ ದ್ವೀಪಗಳಲ್ಲಿ ನೆಲೆಸಿದ ಜನರು ಮುಖ್ಯವಾಗಿ ಪಶ್ಚಿಮದಿಂದಲೇ ಬಂದವರೆಂದು ಭಾಷೆ ಮೊದಲಾದ ಸಾಕ್ಷ್ಯಗಳು ತೋರಿಸುತ್ತವೆ. ‘ಹೀಗೆ ಮಾಡಬಹುದಿತ್ತು’ ಎಂಬುದು ಬೇರೆ. ‘ಹೀಗೆಯೇ ಮಾಡಿದರು’ ಎಂಬುದು ಬೇರೆ. ಎರಡನೆಯ ಮಾತಿಗೆ ನೆಲದೊಳಗಿನ ಸಾಕ್ಷ್ಯವೂ ಬೇಕು.

ಆದುದರಿಂದಲೇ ಹಳೆಯ ನೆಲೆಯಲ್ಲಿ ಕಲ್ಲುಗೊಡಲಿಯನ್ನಾಗಲಿ ಮಡಕೆಯ ಚೂರನ್ನಾಗಲಿ ಕಂಡರೆ ಕಿತ್ತು ಒಯ್ಯಬಾರದು, ಬಲ್ಲವರಿಗೆ ತಿಳಿಸಬೇಕು. ಇದ್ದೆಡೆಯಿಂದ ಕದಲಿದ ವಸ್ತು ಅರ್ಧ ಮೂಕವಾಗುತ್ತದೆ. ಅಕ್ಷರವಿಲ್ಲದೆ ಬಾಳಿದವರ ಪರವಾಗಿ ಸಾಕ್ಷಿ ನುಡಿಯಲು ಉಳಿದಿರುವುದು ಆ ಕಲ್ಲು, ಆ ಚೂರುಗಳೇ.