ಚಿಕ್ಕ ವ್ಯವಸ್ಥೆಗೊಂದು ಜಾವಾ ಯಂತ್ರ

ನಿಮ್ಮ ಮನೆಯ ರೇಡಿಯೋ ಪೆಟ್ಟಿಗೆಯನ್ನು ಒಮ್ಮೆ ನೋಡಿರಿ. ಅದು ಯಾವ ಕಂಪನಿಯದು, ವಿದ್ಯುತ್ತಿನಿಂದ ನಡೆಯುವುದೋ ಬ್ಯಾಟರಿಯಿಂದ ನಡೆಯುವುದೋ, ನಿಲಯದಲ್ಲಿ ಕುಳಿತು ಹಾಡುವವರಿಗೆ ತಿಳಿಯದು, ತಿಳಿಯಬೇಕಾದುದೂ ಇಲ್ಲ. ಹೊರಡುವ ಅಲೆ ಒಂದೇ. ಅದನ್ನು ಹಿಡಿದು ಧ್ವನಿಯಾಗಿಸುವ ಹೊಣೆ ಪೆಟ್ಟಿಗೆಯದು. ಕಂಪ್ಯೂಟರಿನ ಲೋಕದಲ್ಲಿ ಸಾಮಾನ್ಯವಾಗಿ ಇಂಥ ಅನುಕೂಲವಿಲ್ಲ. ಒಂದು ವ್ಯವಸ್ಥೆಗೆಂದು ಸಿದ್ಧಪಡಿಸಿದ ಪ್ರೋಗ್ರಾಂ ಮತ್ತೊಂದರಲ್ಲಿ ಬಾಯಿಬಿಡುವುದಿಲ್ಲ. ವ್ಯವಸ್ಥೆ ಎಂದರೆ ಇಲ್ಲಿ ಆಪರೇಟಿಂಗ್ ಸಿಸ್ಟಂ. ಕಡತ, ಪರದೆ, ಕೀಲಿಮಣೆಗಳನ್ನೆಲ್ಲ ಆಳುವ ಮೂಲ ತಂತ್ರಾಂಶ. ವಿಂಡೋಸ್, ಲಿನಕ್ಸ್ ಎಂಬ ಹೆಸರುಗಳನ್ನು ನೀವು ಕೇಳಿಯೇ ಇದ್ದೀರಿ.

ಈ ತೊಡಕನ್ನು ನೀಗುವ ಹವಣಿಕೆಯಿಂದ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1995ರಲ್ಲಿ ಜಾವಾ ಭಾಷೆಯನ್ನು ಲೋಕದ ಮುಂದಿಟ್ಟಿತು. ಅದನ್ನು ರೂಪಿಸಿದವರು ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಸಂಗಡಿಗರು. ಜಾವಾದಲ್ಲಿ ಬರೆದದ್ದನ್ನು ಯಾವುದೇ ನಿಜಯಂತ್ರದ ಭಾಷೆಗೆ ನೇರವಾಗಿ ಇಳಿಸದೆ, ಬೈಟ್‌ಕೋಡ್ ಎಂಬ ನಡುವಣ ಭಾಷೆಗೆ ಇಳಿಸುತ್ತಾರೆ. ಇದು ಒಂದು ಕಲ್ಪಿತ ಯಂತ್ರದ ಭಾಷೆ. ಆ ಕಲ್ಪಿತ ಯಂತ್ರವನ್ನು ಪ್ರತಿ ವ್ಯವಸ್ಥೆಯಲ್ಲಿಯೂ ತಂತ್ರಾಂಶದ ರೂಪದಲ್ಲಿ ಕಟ್ಟಿಕೊಟ್ಟರೆ ಒಂದೇ ಪ್ರೋಗ್ರಾಂ ಎಲ್ಲೆಡೆಯೂ ನಡೆಯುತ್ತದೆ. ಇದಕ್ಕೆ ಜಾವಾ ವರ್ಚುಯಲ್ ಮಷೀನ್ ಎಂದು ಹೆಸರು. ನಾವು ಜಾವಾ ಯಂತ್ರವೆನ್ನೋಣ. ಬೈಟ್‌ಕೋಡ್ ಅಲೆಯಾದರೆ ಜಾವಾ ಯಂತ್ರವೇ ರೇಡಿಯೋ ಪೆಟ್ಟಿಗೆ.

ಸರಿ, ಆದರೆ ಪೆಟ್ಟಿಗೆಯನ್ನು ಮಾಡಿಕೊಡುವವರು ಯಾರು? ದೊಡ್ಡ ವ್ಯವಸ್ಥೆಗಳಿಗೆ ದೊಡ್ಡ ಕಂಪನಿಗಳೇ ಮಾಡಿಕೊಟ್ಟವು. ಕೆಲವೇ ಜನ ಬಳಸುವ ಚಿಕ್ಕ ವ್ಯವಸ್ಥೆಯ ಪಾಡೇನು? ಇದನ್ನು ಹೈಕು ಎಂಬ ವ್ಯವಸ್ಥೆಯ ಉದಾಹರಣೆಯಿಂದ ತಿಳಿಯಬಹುದು.

ಜ್ಯಾಂ ಲೂಯಿ ಗಾಸೆ ಎಂಬವರು 1990ರಲ್ಲಿ ಬೀ ಎಂಬ ಕಂಪನಿಯನ್ನು ಆರಂಭಿಸಿದರು. ಅದು ಬೀಓಎಸ್ ಎಂಬ ಚುರುಕಾದ ವ್ಯವಸ್ಥೆಯನ್ನು ನಿರ್ಮಿಸಿತು. ವ್ಯಾಪಾರದಲ್ಲಿ ಮಾತ್ರ ಗೆಲ್ಲಲಿಲ್ಲ. 2001ರಲ್ಲಿ ಅದರ ಸ್ವತ್ತು ಪಾಮ್ ಕಂಪನಿಯ ವಶವಾಯಿತು. ಆ ವ್ಯವಸ್ಥೆಯನ್ನು ಮೆಚ್ಚಿದ್ದವರು ಅಳುತ್ತ ಕೂರಲಿಲ್ಲ. ಅದೇ ವರ್ಷ ತಾವೇ ಸೇರಿ, ಮೊದಲಿನಿಂದ, ಯಾರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶವಾಗಿ ಅದನ್ನು ಮತ್ತೆ ಬರೆಯತೊಡಗಿದರು. 2004ರಲ್ಲಿ ಅದಕ್ಕೆ ಹೈಕು ಎಂದು ಹೆಸರಾಯಿತು. ಹೈಕು ಜಪಾನಿನ ಪುಟ್ಟ ಕವಿತೆಯಲ್ಲವೆ? ಹಳೆಯ ಬೀಓಎಸ್‌ನ ಬ್ರೌಸರ್ ತನ್ನ ತಪ್ಪೊಪ್ಪಿಗೆಗಳನ್ನು ಹೈಕುಗಳಲ್ಲಿಯೇ ಹೇಳುತ್ತಿತ್ತು! 2009ರಲ್ಲಿ ಮೊದಲ ಪರೀಕ್ಷಾ ಆವೃತ್ತಿ ಹೊರಬಂದಿತು.

ಇಂಥ ವ್ಯವಸ್ಥೆಗೆ ಜಾವಾ ಬಂದರೆ, ಈಗಾಗಲೇ ಜಾವಾದಲ್ಲಿರುವ ಸಾವಿರಾರು ಪ್ರೋಗ್ರಾಂಗಳು ಒಮ್ಮೆಗೇ ಕೈಗೆಟಕುವ ಆಸೆ ಹುಟ್ಟುತ್ತದೆ. ನಿಮ್ಮ ಮನೆಯ ಮಕ್ಕಳು ಬಲ್ಲ ಮೈನ್‌ಕ್ರಾಫ್ಟ್ ಆಟವನ್ನು ಸಹ ಮೊದಲು ಬರೆದದ್ದು ಜಾವಾದಲ್ಲಿಯೇ. ಆದುದರಿಂದ ಯೋಜನೆ ಹೂಡುವುದು ಸಹಜ. ಅಂಥ ಯೋಜನೆಯಲ್ಲಿ ಮೂರು ಭಾಗಗಳನ್ನು ಬೇರೆ ಬೇರೆಯಾಗಿ ಕಾಣಬೇಕು.

ಮೊದಲನೆಯದು ಎಂಜಿನ್ನು. ಬೈಟ್‌ಕೋಡಿನಲ್ಲಿ ಸುಮಾರು 200 ಆಜ್ಞೆಗಳಿವೆ. ಅವುಗಳನ್ನು ಓದುವುದು, ಮೋಸವಿಲ್ಲವೆಂದು ಪರೀಕ್ಷಿಸುವುದು, ಒಂದೊಂದಾಗಿ ನಡೆಸುವುದು, ಉಪಯೋಗ ಮುಗಿದ ಜ್ಞಾಪಕಸ್ಥಳವನ್ನು ಗುಡಿಸಿ ತೆಗೆಯುವುದು ಇದರ ಕೆಲಸ. ಎರಡನೆಯದು ಭಂಡಾರ. ಅಕ್ಷರ, ಲೆಕ್ಕ, ದಿನಾಂಕ, ಜಾಲಸಂಪರ್ಕ, ಚಿತ್ರ ಮುಂತಾದ ಸಾವಿರಾರು ಸಿದ್ಧ ಭಾಗಗಳ ಸಂಗ್ರಹ. ಮೂರನೆಯದು ಸೇತುವೆ. ಕಡತ ತೆರೆಯಿರಿ, ಕಿಟಕಿ ಬಿಡಿಸಿರಿ ಎಂದು ಜಾವಾ ಕೇಳಿದಾಗ ಅದನ್ನು ಆಯಾ ವ್ಯವಸ್ಥೆಗೆ ತಿಳಿಯುವಂತೆ ಹೇಳುವ ಭಾಗ.

ಹೊಸಬರ ಕಣ್ಣು ಎಂಜಿನ್ನಿನ ಮೇಲೆಯೇ ಬೀಳುತ್ತದೆ. ಬುದ್ಧಿವಂತನೊಬ್ಬ ಸರಳವಾದ ಎಂಜಿನ್ನನ್ನು ಒಬ್ಬನೇ ಬರೆದಾನು. ಭಂಡಾರವನ್ನು ಒಬ್ಬನೇ ತುಂಬಲಾರ. ಸನ್ ಕಂಪನಿಯ ಮೂಲ ಬರಹ ಮುಕ್ತವಲ್ಲದಿದ್ದ ಕಾಲದಲ್ಲಿ ಕಾಫೆ, ಜಾಮ್‌ವಿಎಂ, ಕಕಾವೋ ಎಂಬ ಸ್ವತಂತ್ರ ಎಂಜಿನ್ನುಗಳು ಹುಟ್ಟಿದವು. ಅವುಗಳಿಗೆಲ್ಲ ನೆರವಾಗಲೆಂದು ಗ್ನೂ ಕ್ಲಾಸ್‌ಪಾತ್ ಎಂಬ ಸಾಮಾನ್ಯ ಭಂಡಾರವನ್ನು 1998ರಿಂದ ವರ್ಷಗಟ್ಟಲೆ ಬರೆದರು. ಸನ್ ಕಂಪನಿಯ ಮೂಲ ಬರಹವನ್ನು ನೋಡಿದವರು ಅದರಲ್ಲಿ ಕೈಹಾಕಬಾರದೆಂಬ ಕಟ್ಟುನಿಟ್ಟೂ ಇತ್ತು. ನಕಲು ಮಾಡಿದರೆಂಬ ಆಪಾದನೆ ಬರಬಾರದಲ್ಲ! ಅಪಾಚೆ ಸಂಸ್ಥೆಯ ಹಾರ್ಮನಿ ಯೋಜನೆ 2005ರಲ್ಲಿ ಮೊದಲಾಗಿ 2011ರಲ್ಲಿ ಮುಗಿಯಿತು. ಜಾವಾ ಎನ್ನಿಸಿಕೊಳ್ಳಲು ತೇರ್ಗಡೆಯಾಗಬೇಕಾದ ಪರೀಕ್ಷೆಯ ಷರತ್ತುಗಳ ವಿಷಯದಲ್ಲಿ ಅದಕ್ಕೂ ಸನ್ ಕಂಪನಿಗೂ ಒಪ್ಪಂದ ಕೂಡಿಬರಲಿಲ್ಲ.

ಅಷ್ಟರಲ್ಲಿ ದಾರಿ ಬೇರೆ ಕಡೆಯಿಂದ ತೆರೆಯಿತು. 2006ರ ನವೆಂಬರಿನಲ್ಲಿ ಸನ್ ತನ್ನ ಜಾವಾವನ್ನೇ ಮುಕ್ತವಾಗಿಸುವುದಾಗಿ ಸಾರಿತು. 2007ರ ಮೇ ತಿಂಗಳಲ್ಲಿ ಓಪನ್‌ಜೆಡಿಕೆ ಎಂಬ ಹೆಸರಿನಿಂದ ಮೂಲ ಬರಹ ಹೊರಬಂದಿತು. ಅಕ್ಷರಗಳನ್ನು ಮೂಡಿಸುವಂಥ ಕೆಲವು ಭಾಗಗಳು ಪರರ ಸ್ವತ್ತಾಗಿದ್ದುದರಿಂದ ಉಳಿದವು. ರೆಡ್ ಹ್ಯಾಟ್ ಕಂಪನಿ ಆರಂಭಿಸಿದ ಐಸ್‌ಟೀ ಯೋಜನೆಯವರು ಆ ಖಾಲಿ ಜಾಗಗಳನ್ನು ತುಂಬಿದರು. ಅಂದಿನಿಂದ ಚಿಕ್ಕ ವ್ಯವಸ್ಥೆಯ ಪ್ರಶ್ನೆಯೇ ಬದಲಾಯಿತು. 'ಜಾವಾವನ್ನು ಹೇಗೆ ಬರೆಯುವುದು' ಎಂದಲ್ಲ, 'ಇದರಲ್ಲಿ ನಾವು ಬರೆಯಬೇಕಾದುದು ಎಷ್ಟು' ಎಂದು ಕೇಳಬೇಕಾಯಿತು.

ಓಪನ್‌ಜೆಡಿಕೆಯ ಎಂಜಿನ್ನಿಗೆ ಹಾಟ್‌ಸ್ಪಾಟ್ ಎಂದು ಹೆಸರು. ಅದರ ಬರಹವನ್ನು ಅಚ್ಚುಕಟ್ಟಾಗಿ ವಿಂಗಡಿಸಿದ್ದಾರೆ: ಎಲ್ಲರಿಗೂ ಸಮಾನವಾದುದು ಒಂದೆಡೆ, ಪ್ರೊಸೆಸರಿಗೆ ಸಂಬಂಧಿಸಿದ್ದು ಒಂದೆಡೆ, ಆಪರೇಟಿಂಗ್ ಸಿಸ್ಟಮಿಗೆ ಸೇರಿದ್ದು ಒಂದೆಡೆ, ಇವೆರಡೂ ಕೂಡುವ ಜಾಗದ್ದು ಇನ್ನೊಂದೆಡೆ. ಹೈಕು ನಡೆಯುವುದು ಸಾಮಾನ್ಯ ಪಿಸಿಗಳ ಪ್ರೊಸೆಸರಿನ ಮೇಲೆಯೇ. ಆದುದರಿಂದ ಮೊದಲೆರಡು ಸಿದ್ಧವಾಗಿಯೇ ಸಿಕ್ಕುತ್ತವೆ; ಕೊನೆಯೆರಡನ್ನು ಹೊಂದಿಸಿಕೊಂಡರಾಯಿತು.

ಇಲ್ಲೊಂದು ವಿನೋದದ ತೊಡಕುಂಟು. ಅಡಿಗೆಮನೆಯನ್ನು ಬಲ್ಲವರಿಗೆ ಬೇಗ ತಿಳಿದೀತು. ಮೊಸರಿಗೆ ಹೆಪ್ಪು ಬೇಕು. ಹೆಪ್ಪೆಂದರೆ ನಿನ್ನೆಯ ಮೊಸರೇ. ಜಾವಾದ ಭಂಡಾರದ ಬಹುಭಾಗವನ್ನು ಬರೆದಿರುವುದು ಜಾವಾದಲ್ಲಿ. ಅದನ್ನು ಸಿದ್ಧಗೊಳಿಸಲು ಮೊದಲೇ ಒಂದು ಜಾವಾ ಇರಬೇಕು. ಹೆಪ್ಪಿಲ್ಲದವರು ನೆರೆಮನೆಗೆ ಬಟ್ಟಲು ಹಿಡಿದು ಹೋಗುವಂತೆ, ಲಿನಕ್ಸ್ ಇರುವ ಬೇರೊಂದು ಕಂಪ್ಯೂಟರಿನಲ್ಲಿ ಮೊದಲ ಸಲ ಕಟ್ಟಿ ತರಬಹುದು. ಒಮ್ಮೆ ಬಂದ ಮೇಲೆ ಮನೆಯ ಮೊಸರೇ ಮನೆಗೆ ಹೆಪ್ಪು.

ಕೆಲಸದ ಕ್ರಮವೂ ಮುಖ್ಯ. ಕಿಟಕಿಗಳಿಲ್ಲದೆ, ಬರಿಯ ಅಕ್ಷರಗಳಲ್ಲಿ ಉತ್ತರ ಕೊಡುವ ಜಾವಾವನ್ನು ಮೊದಲು ನಡೆಸಿ ನೋಡಬೇಕು. ಆಮೇಲೆ ಕಡತ, ಜಾಲ. ಕಟ್ಟಕಡೆಗೆ ಕಿಟಕಿ. ಏಕೆಂದರೆ ಕಷ್ಟವೆಲ್ಲ ಅಲ್ಲಿ ಅಡಗಿದೆ. ಹೈಕುವಿನಲ್ಲಿ ತೆರೆದ ಒಂದೊಂದು ಕಿಟಕಿಗೂ ಅದರದೇ ಆದ ಕೆಲಸದ ಎಳೆಯುಂಟು; ಎಲ್ಲವೂ ಏಕಕಾಲದಲ್ಲಿ ಓಡುತ್ತಿರುತ್ತವೆ. ಜಾವಾದ ಕಿಟಕಿಗಳಾದರೋ ಎಲ್ಲ ಮಾತನ್ನೂ ಒಂದೇ ಎಳೆಯಲ್ಲಿ ಸರದಿಯಂತೆ ಆಲಿಸುತ್ತವೆ. ಹತ್ತು ಬಾಗಿಲಲ್ಲಿ ಹತ್ತು ಜನ ಕೂಗುತ್ತಿರುವಾಗ ಒಬ್ಬನೇ ಗುಮಾಸ್ತ ಎಲ್ಲವನ್ನೂ ಸಾಲಾಗಿ ಬರೆದುಕೊಳ್ಳಬೇಕಾದಂತೆ. ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುತ್ತ ನಿಂತುಬಿಟ್ಟರೆ ಪರದೆ ಸ್ತಬ್ಧವಾಗುತ್ತದೆ.

ಹೈಕುವಿನವರು ಈ ದಾರಿಯನ್ನೇ ಹಿಡಿದರು. ಓಪನ್‌ಜೆಡಿಕೆ ಇಂದು ಹೈಕುವಿಗೂ ದೊರೆಯುತ್ತದೆ. ಹಾಗಾದರೆ ಕಥೆ ಮುಗಿಯಿತೆ? ಮುಗಿಯಲಿಲ್ಲ.

2018ರಿಂದ ಜಾವಾದ ಹೊಸ ಆವೃತ್ತಿ ಆರು ತಿಂಗಳಿಗೊಂದರಂತೆ ಬರುತ್ತಿದೆ. ಪ್ರತಿ ಸಲವೂ ಮೂಲ ಬರಹ ಅಷ್ಟಿಷ್ಟು ಸರಿಯುತ್ತದೆ. ಚಿಕ್ಕ ವ್ಯವಸ್ಥೆಯವರು ತಮ್ಮ ಸೇತುವೆಯನ್ನು ಮತ್ತೆ ಸರಿಪಡಿಸಬೇಕು. ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ಮಾಡುವ ಕೆಲಸವಾದರೆ, ಅವರಿಗೆ ನೌಕರಿಯೋ ಸಂಸಾರವೋ ಹೆಚ್ಚಾದ ವರ್ಷ ಸೇತುವೆ ಕುಸಿಯುತ್ತದೆ.

ಇದು ಚಿಕ್ಕವರ ಪಾಡು ಮಾತ್ರವೆನ್ನಬೇಡಿರಿ. ಸೊಲಾರಿಸ್ ಎಂಬುದು ಸನ್ ಕಂಪನಿಯದೇ ವ್ಯವಸ್ಥೆ. ಜಾವಾದ ತವರುಮನೆಯೆಂದರೂ ಸಲ್ಲುತ್ತದೆ. 2010ರಲ್ಲಿ ಸನ್ ಕಂಪನಿ ಆರಕಲ್‌ನ ಪಾಲಾಯಿತು. 2020ರ ಸೆಪ್ಟೆಂಬರಿನಲ್ಲಿ ಬಂದ 15ನೆಯ ಆವೃತ್ತಿಯಲ್ಲಿ ಸೊಲಾರಿಸ್‌ಗಾಗಿ ಬರೆದ ಭಾಗಗಳನ್ನು ತೆಗೆದುಹಾಕಿದರು. ಅವುಗಳನ್ನು ಕಾಪಾಡುವ ಶ್ರಮ ಉಳಿದರೆ ಹೊಸ ಕೆಲಸ ಬೇಗ ಸಾಗುವುದೆಂಬುದೇ ಕಾರಣ. ತವರುಮನೆಯ ಬಾಗಿಲೇ ಮುಚ್ಚಿದ ಮೇಲೆ ದೂರದ ನೆಂಟರು ಎಚ್ಚರದಿಂದಿರಬೇಡವೆ?

ಆದುದರಿಂದ ಯಾರಾದರೂ ಇಂಥ ಯೋಜನೆ ಹೂಡಿದ್ದೇವೆಂದು ನಿಮ್ಮಲ್ಲಿ ಹೇಳಿಕೊಂಡರೆ, ಎಂಜಿನ್ನು ಎಷ್ಟು ವೇಗವೆಂದು ಮೊದಲು ಕೇಳಬೇಡಿರಿ. ನೀವೇ ಬರೆಯಬೇಕಾದ ಭಾಗವನ್ನು ಎಷ್ಟು ಚಿಕ್ಕದಾಗಿಸಿದ್ದೀರಿ? ಐದು ವರ್ಷ ಕಳೆದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಈ ಎರಡನ್ನು ಕೇಳಿರಿ. ಮುಕ್ತ ತಂತ್ರಾಂಶ ನಮಗೆ ತಿದ್ದುವ ಹಕ್ಕನ್ನು ಕೊಡುತ್ತದೆ. ತಿದ್ದುವ ಕೈಗಳನ್ನು ನಾವೇ ಒದಗಿಸಬೇಕು. ರೇಡಿಯೋ ಪೆಟ್ಟಿಗೆಯನ್ನು ಮನೆಗೆ ತಂದ ದಿನದ ಸಂಭ್ರಮ ದೊಡ್ಡದೇ. ಆದರೆ ಅದು ಕೆಟ್ಟ ದಿನ ಬಿಚ್ಚಿ ನೋಡಬಲ್ಲವರೊಬ್ಬರು ಬೀದಿಯಲ್ಲಿದ್ದರಲ್ಲವೆ ಹಾಡು ಮುಂದುವರಿಯುವುದು?