ಕಾರಿಗೆ ಕಳಿಸಿದ ಆಜ್ಞೆ ಎಲ್ಲಿ ತಡೆಯಿತು?

ಕಾರು ಅಂಗಳದಲ್ಲಿಯೇ ನಿಂತಿದೆ. ಬಾಗಿಲಿಗೆ ಬೀಗ ಬಿದ್ದಿದೆಯೆ ಎಂದು ತಿಳಿಯಲು ಒಡೆಯನು ಮನೆಯೊಳಗಿಂದ ಮೊಬೈಲಿನ ಆ್ಯಪನ್ನು ತೆರೆಯುತ್ತಾನೆ, ಉತ್ತರವಿಲ್ಲ. ಕುಳಿತಲ್ಲಿಯೇ ವೈ-ಫೈ ಆರಿಸಿ ಮೊಬೈಲ್ ಡೇಟಾ ಬಳಸಿದೊಡನೆ ಉತ್ತರ ಬರುತ್ತದೆ! ಇದೇನು ವಿಚಿತ್ರ?

ಮೊಬೈಲು ಕಾರಿನೊಡನೆ ನೇರವಾಗಿ ಮಾತನಾಡುತ್ತದೆಂಬ ಭಾವನೆಯೇ ಈ ಅಚ್ಚರಿಗೆ ಮೂಲ. ಬಹುಮಟ್ಟಿಗೆ ಆಜ್ಞೆಯು ಮೊದಲು ಅಂತರಜಾಲದ ಮೂಲಕ ತಯಾರಕರ ಗಣಕಯಂತ್ರಕ್ಕೆ ಹೋಗುತ್ತದೆ. ಅಲ್ಲಿಂದ ಮೊಬೈಲ್ ಜಾಲದ ಮೂಲಕ, ಕಾರಿನೊಳಗೆ ಅಡಗಿರುವ ಸಿಮ್‌ಗೆ ತಲಪುತ್ತದೆ. ಡೇಟಾದಲ್ಲಿ ಕೆಲಸ ನಡೆಯಿತೆಂದರೆ ಆ ಗಣಕವೂ ಕಾರೂ ನಿರ್ದೋಷಿಗಳು. ಕಾರನ್ನು ರಿಪೇರಿಗೆ ಒಯ್ಯುವುದು ವ್ಯರ್ಥ. ದೋಷವಿರುವುದು ಮನೆಯ ವೈ-ಫೈ ಹಾದಿಯಲ್ಲಿ.

ಅದೇ ವೈ-ಫೈಯಲ್ಲಿ ಇತರ ಆ್ಯಪುಗಳು ನಡೆಯುತ್ತಿವೆಯೆ? ಹಾಗಾದರೆ ಡಿ.ಎನ್.ಎಸ್. ವ್ಯವಸ್ಥೆಯನ್ನು ಶಂಕಿಸಬೇಕು. ಅಂತರಜಾಲದ ಹೆಸರುಗಳಿಗೆ ಅಂಕಿಗಳ ವಿಳಾಸ ಹುಡುಕಿಕೊಡುವ ಈ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಜಾಹೀರಾತು ತಡೆಯಲೆಂದು ಮನೆಯ ಜಾಲಕ್ಕೆ ಅಳವಡಿಸಿದ ಫಿಲ್ಟರು ಕೆಲವು ಹೆಸರುಗಳ ವಿಳಾಸವನ್ನು ಮರೆಮಾಡುತ್ತದೆ. ಕಾರಿನ ಆ್ಯಪಿಗೆ ಬೇಕಾದ ಹೆಸರೂ ಆ ಪಟ್ಟಿಗೆ ಸೇರಿಬಿಡುವುದುಂಟು.

ಪರೀಕ್ಷೆಗಾಗಿ ಫಿಲ್ಟರನ್ನು ಕ್ಷಣಕಾಲ ನಿಲ್ಲಿಸಿರಿ. ಆ್ಯಪು ಸರಿಹೋದರೆ ಕಾರಣ ಸಿಕ್ಕಿತು. ಫಿಲ್ಟರನ್ನು ಮತ್ತೆ ನಡೆಸಿ, ಆ ಒಂದು ಹೆಸರಿಗೆ ಮಾತ್ರ ವಿನಾಯಿತಿ ಕೊಟ್ಟರೆ ಸಾಕು. ಇಲ್ಲವಾದರೆ ರೂಟರನ್ನು ಆರಿಸಿ, ಮತ್ತೆ ಚಾಲೂ ಮಾಡಿ ನೋಡಿರಿ. ಆದರೆ ಒಂದು ಸಲಕ್ಕೆ ಒಂದೇ ಬದಲಾವಣೆ! ಎರಡನ್ನು ಒಟ್ಟಿಗೆ ಬದಲಿಸಿದರೆ ಆ್ಯಪು ಸರಿಹೋಗಬಹುದು, ಕಾರಣ ಮಾತ್ರ ತಿಳಿಯದು. ಪ್ರಯೋಗಶಾಲೆಯ ಈ ನಿಯಮ ಮನೆಯಂಗಳಕ್ಕೂ ಸಲ್ಲುತ್ತದೆ.