ಅಪ್ಪನಿಗೆ ಕಡಿಮೆ ಬಿದ್ದ ಐದು ಶೇಕಡಾ

ಮೆಡಿಕಲ್ ಬೋರ್ಡಿನ ಮುಂದೆ ಹೋಗುವ ದಿನ ಅಪ್ಪ ಬೆಳಿಗ್ಗೆ ಐದಕ್ಕೇ ಎದ್ದು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯೇ ಬೇಕೆಂದು ಹಟ. ಗುಂಡಿ ಹಾಕಿದ್ದು ನಾನು. ನಲವತ್ತು ವರ್ಷ ಗದಗಿನಲ್ಲಿ ಊರವರ ಅಂಗಿ ಹೊಲಿದ ದರ್ಜಿಗೆ, ಲಕ್ವ ಹೊಡೆದ ಮೇಲೆ ಬಲಗೈ ಮಾತು ಕೇಳುತ್ತಿರಲಿಲ್ಲ.

ಪುಣೆಗೆ ಕರೆತಂದ ಹೊಸತರಲ್ಲೇ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಓಡಾಡಿದ್ದೆ. ಲಕ್ವ ಹೊಡೆದು ಆರು ತಿಂಗಳಾಗಲಿ, ಸುಧಾರಿಸುವಷ್ಟು ಸುಧಾರಿಸಲಿ ಎಂದರು. ಅಷ್ಟರಲ್ಲಿ ಆಧಾರಿನ ಗದಗ ವಿಳಾಸವನ್ನು ಪುಣೆಗೆ ಬದಲಿಸಿ, ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿದೆ.

ಡಾಕ್ಟರು ಮರಾಠಿಯಲ್ಲಿ ಕೇಳಿದರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತೀರಾ?

"ಹಾಕ್ಕೋತೀನ್ರಿ. ಎಲ್ಲಾ ನಾನ ಮಾಡ್ಕೋತೀನಿ" ಅಂದರು ಅಪ್ಪ.

ನಾನು ಅದನ್ನೇ ಮರಾಠಿಗೆ ತಿರುಗಿಸಿದೆ. ನಡೆದು ತೋರಿಸಿ ಅಂದಾಗ ಅಪ್ಪ ಕೋಲನ್ನು ಕುರ್ಚಿಗೆ ಒರಗಿಸಿಟ್ಟು, ಎದೆಯೆತ್ತಿ ಎಂಟು ಹೆಜ್ಜೆ ಹಾಕಿದರು. ಹೊರಬಂದು "ಹೆಂಗ್ ನಡದೆ?" ಎಂದು ಕೇಳಿದರು. ಪ್ರಮಾಣಪತ್ರದಲ್ಲಿ 35 ಶೇಕಡಾ ಎಂದಿತ್ತು. ಯುಡಿಐಡಿ ಕಾರ್ಡಿಗೆ ಬಿಳಿ ಪಟ್ಟಿ. 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಾದರೆ ನೀಲಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಆದರೆ ಹೆಚ್ಚಿನ ಸವಲತ್ತುಗಳ ಬಾಗಿಲು ತೆರೆಯುವುದು 40ಕ್ಕೆ. ಅವಲಂಬಿತ ತಂದೆತಾಯಿಗಾಗಿ ಆದಾಯ ತೆರಿಗೆಯಲ್ಲಿ ಸಿಗುವ 75,000 ರೂಪಾಯಿಯ ಕಡಿತಕ್ಕೂ (ಹಳೆಯ ತೆರಿಗೆ ಪದ್ಧತಿಯಲ್ಲಿದ್ದವರಿಗೆ ಮಾತ್ರ) ಅದೇ ಗೆರೆ. ಅಪ್ಪನ ಔಷಧಿ, ಫಿಸಿಯೋಥೆರಪಿ ಎಲ್ಲ ನನ್ನ ಒಂದೇ ಸಂಬಳದಲ್ಲಿ ನಡೆಯಬೇಕಿತ್ತು.

ಪರಿಚಯದವರೊಬ್ಬರು ಏಜೆಂಟನ ನಂಬರು ಕೊಟ್ಟರು. ಬೇಡವೆಂದೆ. ಮೋಸದಿಂದ ಸವಲತ್ತು ಪಡೆದರೆ ಎರಡು ವರ್ಷದವರೆಗೆ ಜೈಲು ಎಂದು ಅದೇ ಕಾಯ್ದೆ ಹೇಳುತ್ತದೆ. ಅದೂ ಅಲ್ಲದೆ, ಇಲ್ಲಿ ಸುಳ್ಳು ಹೇಳಿದ್ದು ನಾವೇ, ನಮ್ಮದೇ ವಿರುದ್ಧ.

ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು. ನರರೋಗಗಳಲ್ಲಿ ಅಳೆಯುವುದು ರೋಗವನ್ನಲ್ಲ, ಅದು ಉಳಿಸಿ ಹೋದ ಪರಿಣಾಮವನ್ನು. ಹಾಗಾಗಿ ಬೋರ್ಡಿನ ಮೇಲೆ ದೂರು ಬರೆಯಲಿಲ್ಲ; ಅಪ್ಪನ ಒಂದು ದಿನವನ್ನು ಬರೆದೆ. ಸ್ನಾನಕ್ಕೆ ಚೊಂಬು ಎತ್ತುವುದು ಎಡಗೈ. ಮೆಟ್ಟಿಲಿಗೆ ಒಬ್ಬರು ಬೇಕು. ರೊಟ್ಟಿ ಮುರಿದುಕೊಡಬೇಕು. ಜೊತೆಗೆ ಡಿಸ್ಚಾರ್ಜ್ ಕಾಗದ, ಎಂಆರ್‌ಐ, ಫಿಸಿಯೋಥೆರಪಿಸ್ಟರ ವರದಿ.

ಕಳಿಸುವ ಮುನ್ನ ಅಪ್ಪನಿಗೆ ಓದಿ ಹೇಳಿದೆ. "ನಾ ಕೆಲಸಕ್ಕ ಬಾರದಾಂವ ಅಂತ ಕಾಗದದಾಗ ಬರದೀ ಏನು ತಮ್ಮಾ?" ಎಂದು ಸಿಟ್ಟಾದರು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಊಟ ಮಾಡುತ್ತ ತಟ್ಟೆ ನೋಡಿಕೊಂಡೇ ಹೇಳಿದರು: "ಸೂಜಿಗೆ ದಾರ ಪೋಣಸಾಕ ಬರೂದಿಲ್ಲ. ಅದನ್ನೂ ಬರಿ."

ಬರೆದೆ.

ಮರುಪರೀಕ್ಷೆಗೆ ಮನೆಯಲ್ಲಿ ಉಡುವ ಪೈಜಾಮದಲ್ಲೇ ಹೋದರು. ನಾಟಕ ಬೇಡ, ಇದ್ದದ್ದು ಇದ್ದ ಹಾಗೆ ಎಂದಷ್ಟೇ ಹೇಳಿದ್ದೆ. ಅಲ್ಲಿಯೂ ಗುಂಡಿಯ ಪ್ರಶ್ನೆಯೇ ಬಂತು. ಅಪ್ಪ ಎರಡನೆಯ ಗುಂಡಿಗೆ ಕೈ ಹಾಕಿದರು. ಬೆರಳು ಜಾರಿತು, ಮತ್ತೆ ಹಿಡಿದರು, ಮತ್ತೆ ಜಾರಿತು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಕೊನೆಗೆ "ಆಗೂದಿಲ್ರಿ" ಅಂದರು. ಅದನ್ನೂ ಮರಾಠಿಗೆ ತಿರುಗಿಸಿದೆ. ಆ ಒಂದು ಮಾತು ಬಾಯಿಂದ ಬರಲು ತಡವಾಯಿತು.

ಈ ಸಲ 50 ಶೇಕಡಾ. ಕಾರ್ಡಿಗೆ ಹಳದಿ ಪಟ್ಟಿ ಬಂತು.

ಅಪ್ಪನ ಮೊದಲ ಪ್ರಶ್ನೆ, "ಇದು ಗದಗಿನ್ಯಾಗ ನಡೀತೈತೇನು?" ನಡೆಯುತ್ತದೆ; ಪ್ರಮಾಣಪತ್ರಕ್ಕೆ ದೇಶದುದ್ದಕ್ಕೂ ಮಾನ್ಯತೆಯಿದೆ. ಪಿಂಚಣಿ ಮಾತ್ರ ಆಯಾ ರಾಜ್ಯದ ವಾಸದ ನಿಯಮಕ್ಕೆ ಕಟ್ಟುಬಿದ್ದದ್ದು, ನಮ್ಮಂಥ ವಲಸಿಗರು ಅಲ್ಲಿ ಎಡವುತ್ತೇವೆ. ರೈಲಿನ ರಿಯಾಯಿತಿಯದು ಇನ್ನೊಂದು ಕಥೆ. ಜೊತೆಗೊಬ್ಬರಿಲ್ಲದೆ ಪ್ರಯಾಣ ಮಾಡಲಾರರು ಎಂದು ಸರಕಾರಿ ಡಾಕ್ಟರು ಬೇರೆ ನಮೂನೆಯಲ್ಲಿ ಬರೆದುಕೊಡಬೇಕು. ಅದಕ್ಕೆ ಮುಂದಿನ ವಾರ ಹೋಗುವುದಿದೆ. ಅಪ್ಪ ಆಗಲೇ ಊರಿಗೆ ಹೊರಡುವ ಚೀಲ ತುಂಬಿಟ್ಟಿದ್ದಾರೆ.